ಎಸೆದ ಗಾರ್ಡನ್ ಲೈಟಿನಿಂದ ಕಣಕ್ಕೆ ಬೆಳಕು: ನನ್ನ ಅನುಭವ

ಕಳೆದ ಡಿಸೆಂಬರಿನಿಂದ ನಮ್ಮ ಭಾವನ ಕಾಫಿ ಕಣದ ಗುಡಿಸಲಿನಲ್ಲಿ ಸಂಜೆ ಆರಕ್ಕೆ ಒಂದು ಬಲ್ಬು ಹತ್ತಿಕೊಳ್ಳುತ್ತದೆ. ಹನ್ನೊಂದರವರೆಗೆ ಅದು, ಆಮೇಲೆ ಬೆಳಗಿನವರೆಗೆ ಇನ್ನೊಂದು ಸಣ್ಣ ಬಲ್ಬು. ಕಾವಲಿಗೆ ಮಲಗುವವರ ಮೊಬೈಲು ಕೂಡ ಅಲ್ಲೇ ಚಾರ್ಜ್ ಆಗುತ್ತದೆ. ಇದಕ್ಕೆಲ್ಲ ಕರೆಂಟು ಬರುವುದು ಅಂಗಡಿಯಿಂದ ತಂದ ಪ್ಯಾನೆಲಿನಿಂದ ಅಲ್ಲ. ಹೋಂಸ್ಟೇಗಳವರು ಕಸಕ್ಕೆ ಎಸೆದ 126 ಸೋಲಾರ್ ಗಾರ್ಡನ್ ಲೈಟುಗಳ ನೆತ್ತಿಯಲ್ಲಿದ್ದ ಸಣ್ಣ ಸೋಲಾರ್ ತುಂಡುಗಳಿಂದ.

ನನ್ನದು ಮೂಡಿಗೆರೆಯಲ್ಲಿ ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಟಿವಿ, ಯು.ಪಿ.ಎಸ್., ಈಗೀಗ ಎಲ್‌ಇಡಿ ಬಲ್ಬು. ಈ ಪ್ಯಾನೆಲಿನ ಕೆಲಸಕ್ಕೆ ಕೈ ಹಾಕಿ ಎರಡೂವರೆ ವರ್ಷ ಆಯಿತು. ಅಷ್ಟೂ ದಿನ ಕೇಳಿದ್ದು ಒಂದೇ ಮಾತು. ಪಕ್ಕದ ಅಂಗಡಿಯಲ್ಲಿ ವೈರಿಂಗ್ ಕೆಲಸ ಮಾಡುವ ಗೆಳೆಯ, "ಅದು ಆಟದ ಸಾಮಾನು ಮಾರಾಯ, ಅದರಲ್ಲಿ ಬ್ಯಾಟರಿ ಎಲ್ಲಿ ತುಂಬುತ್ತೆ" ಅಂದ. ಭಾವ ಅಂತೂ, "ಒಂಬೈನೂರು ರೂಪಾಯಿಗೆ ಹೊಸ ಪ್ಯಾನೆಲ್ ಸಿಗುತ್ತಲ್ಲ, ನಿಮಗ್ಯಾಕೆ ಈ ತಲೆನೋವು" ಅಂತ ಬಂದಾಗಲೆಲ್ಲ ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಬೇರೆ ದೂರು. ಹಿತ್ತಲ ತುಂಬ ಪ್ಲಾಸ್ಟಿಕ್ ದೀಪ ಗುಡ್ಡೆ ಬಿದ್ದಿತ್ತು, ಬಟ್ಟೆ ಒಣಗಿಸಲು ಜಾಗ ಇರಲಿಲ್ಲ. ಮೂರು ಸಲ ಕೆಟ್ಟು ನಾಲ್ಕನೇ ಸಲ ಸರಿಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಬೆಸುಗೆ ಹಾಕಲು ಬರುವವರಿಗೆ, ಮೀಟರ್ ಹಿಡಿದು ಗೊತ್ತಿರುವವರಿಗೆ ಇದು. ಸೀರೀಸ್ ಎಂದರೇನು, ಪ್ಯಾರಲಲ್ ಎಂದರೇನು ಎಂದು ವಿವರಿಸಲು ಹೋಗುವುದಿಲ್ಲ.

ಲೈಟು ಎಲ್ಲಿಂದ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಹೋಂಸ್ಟೇಗಳಿಗೆ ಬರ ಇಲ್ಲ. ಕೊಟ್ಟಿಗೆಹಾರದ ಕಡೆ, ಬಣಕಲ್ ಕಡೆ, ಆಲ್ದೂರಿನ ದಾರಿಯಲ್ಲಿ ಒಂದೊಂದು ತಿರುವಿಗೆ ಒಂದೊಂದು ಬೋರ್ಡು. ಅಂಗಳದ ದಾರಿಗೆ, ಹೂವಿನ ಪಾತಿಗೆ ಸಾಲಾಗಿ ಸೋಲಾರ್ ದೀಪ ಚುಚ್ಚಿರುತ್ತಾರೆ. ಬೇಸಿಗೆಯಲ್ಲಿ ಚೆಂದ. ಒಂದು ಮಳೆಗಾಲ ಕಳೆದರೆ ಹತ್ತರಲ್ಲಿ ಏಳೆಂಟು ಹತ್ತುವುದಿಲ್ಲ. ಅಕ್ಟೋಬರಿನಲ್ಲಿ ಕಿತ್ತು ಮೂಲೆಗೆ ಹಾಕುತ್ತಾರೆ, ಹೊಸದು ತರಿಸುತ್ತಾರೆ. ನಾಲ್ಕೈದು ಕಡೆ ನಾನು ಗೀಸರ್, ಇನ್ವರ್ಟರ್ ನೋಡಲು ಹೋಗುತ್ತೇನೆ. ಅಲ್ಲಿ ಕೇಳಿದೆ, ಚೀಲಕ್ಕೆ ತುಂಬಿ ಕೊಟ್ಟರು. ಹೀಗೆ ಬಿಟ್ಟಿ ಬಂದದ್ದು ತೊಂಬತ್ತರ ಹತ್ತಿರ. ಉಳಿದದ್ದು ಗುಜರಿ ಅಂಗಡಿಯಿಂದ. ಅವನು ಪ್ಲಾಸ್ಟಿಕ್ ಲೆಕ್ಕದಲ್ಲಿ ತೂಕಕ್ಕೆ ಕೊಟ್ಟ. ಕೆಜಿಗೆ ಇಪ್ಪತ್ತು ರೂಪಾಯಿಯಂತೆ ಹನ್ನೆರಡು ಕೆಜಿ, 120 ಲೈಟು. ಬಿಡಿ ಲೆಕ್ಕದಲ್ಲಿ ಕೇಳಬೇಡಿ, ಒಂದಕ್ಕೆ ಹತ್ತು ರೂಪಾಯಿ ಹೇಳುತ್ತಾರೆ.

ಈ ಲೈಟು ಸಾಯುವುದು ಯಾಕೆ ಅಂತ ನೋಡಿದರೆ ಎಲ್ಲದರದ್ದೂ ಒಂದೇ ಕಥೆ. ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತದೆ. ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಒಳಗಿರುವ 1.2 ವೋಲ್ಟಿನ ಒಂದೇ ಒಂದು ಸೆಲ್ಲು ಸೋರಿ ಬಿಳಿ ಉಪ್ಪು ಕಟ್ಟುತ್ತದೆ. ದೀಪ ಹತ್ತದೇ ಇರುವುದು ಇದರಿಂದ. ಮೇಲಿನ ಸೋಲಾರ್ ತುಂಡು ಮಾತ್ರ ಹಾಗೇ ಇರುತ್ತದೆ. ನಾನು ಬಿಚ್ಚಿದ 210ರಲ್ಲಿ 160 ತುಂಡು ಚೆನ್ನಾಗಿದ್ದವು. ಗೆಳೆಯ ಆಟದ ಸಾಮಾನು ಅಂದದ್ದು ದೀಪದ ಮಟ್ಟಿಗೆ ಸರಿ, ತುಂಡಿನ ಮಟ್ಟಿಗೆ ತಪ್ಪು. ಅದು ದೊಡ್ಡ ಪ್ಯಾನೆಲಿಗೆ ಹಾಕುವ ಅದೇ ಸಿಲಿಕಾನ್. ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಮೇಲೆ ರಾಳ ಸುರಿದಿರುತ್ತಾರೆ, ಅಷ್ಟೇ.

ಮುಚ್ಚಳಕ್ಕೆ ಅಂಟಿಸಿದ ತುಂಡನ್ನು ಬಿಡಿಸುವುದೇ ದೊಡ್ಡ ಕೆಲಸ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ರಾಳದ ಒಳಗೆ ಕೂದಲಿನಷ್ಟು ಸೀಳು ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೀಟರಿಗೆ ಹಿಡಿದಾಗ ಗೊತ್ತಾಗುತ್ತದೆ. ನಾನು ಮೊದಲ ಇಪ್ಪತ್ತು ತುಂಡನ್ನು ಹಾಗೇ ಹಾಳು ಮಾಡಿದೆ. ಆಮೇಲೆ ಒಂದು ಉಪಾಯ ಕಂಡುಕೊಂಡೆ, ನೂರಕ್ಕೆ ಒಂದೆರಡು ಮಾತ್ರ ಒಡೆಯುತ್ತವೆ. ಬಿಸಿ ಬೇಕು ಅಂತ ಮಾತ್ರ ಹೇಳುತ್ತೇನೆ. ಯಾವ ಬಿಸಿ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ನಾನು ಎರಡು ತಿಂಗಳು ಸುರಿದಿದ್ದೇನೆ.

ಮೊದಲ ಪ್ಯಾನೆಲ್ ಕೆಟ್ಟದ್ದು ಲೆಕ್ಕದಲ್ಲಿ. ಹೆಚ್ಚಿನ ತುಂಡುಗಳ ಹಿಂದೆ 2 ವೋಲ್ಟ್ ಅಂತ ಬರೆದಿತ್ತು. ಏಳು ಹಾಕಿದರೆ ಹದಿನಾಲ್ಕು, ಹನ್ನೆರಡು ವೋಲ್ಟಿನ ಬ್ಯಾಟರಿಗೆ ಧಾರಾಳ ಆಯಿತು ಅಂದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಮೀಟರಿನಲ್ಲಿ ಚೆನ್ನಾಗೇ ತೋರಿಸಿತು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಬ್ಯಾಟರಿಗೆ ಹೋಗುವ ಕರೆಂಟು ಬಹಳ ಕಮ್ಮಿ ಆಯಿತು. ಬಿಸಿಲು ಜಾಸ್ತಿ, ಕರೆಂಟು ಕಮ್ಮಿ. ನಾಲ್ಕು ದಿನ ವೈರು ಬದಲಾಯಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಕಾರಣ ವೈರಿನಲ್ಲಿ ಇರಲಿಲ್ಲ. ಪ್ಯಾನೆಲ್ ಕಾದರೆ ವೋಲ್ಟೇಜ್ ಇಳಿಯುತ್ತದೆ. ಒಂದು ಪಟ್ಟಿಗೆ ಒಂದು ಡಿಗ್ರಿಗೆ ಎರಡು ಮಿಲಿವೋಲ್ಟ್ ಅಂತ ಇಟ್ಟುಕೊಳ್ಳಿ. ಒಂದು ತುಂಡಿನೊಳಗೆ ನಾಲ್ಕು ಪಟ್ಟಿ, ಏಳು ತುಂಡಿಗೆ ಇಪ್ಪತ್ತೆಂಟು. ಕರಿ ತಗಡಿನ ಮೇಲೆ ಮಟಮಟ ಮಧ್ಯಾಹ್ನ ಅರವತ್ತು ಡಿಗ್ರಿ ದಾಟುತ್ತದೆ. ಅಲ್ಲಿಗೆ ಎರಡು ವೋಲ್ಟ್ ಹೋಯಿತು. ಮೇಲಿಂದ ನಾನು ಹಾಕಿದ್ದು 4007 ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು. ಅದು ಮುಕ್ಕಾಲು ವೋಲ್ಟ್ ತಿಂದಿತು. ಇನ್ನು ಬ್ಯಾಟರಿಗೆ ಏನು ಉಳಿಯುತ್ತೆ?

ಹೊಸ ಪ್ಯಾನೆಲ್ ಬಿಚ್ಚಿ ನೋಡಿದವರಿಗೆ ಗೊತ್ತು, 12 ವೋಲ್ಟಿನ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ 36 ಸೋಲಾರ್ ಸೆಲ್, ಅಂದರೆ 36 ಪಟ್ಟಿ ಇರುತ್ತವೆ. ಒಂಬತ್ತು ತುಂಡು ಸೇರಿಸಿದರೆ ಸರಿಯಾಗಿ 36. ಆಗಲೇ ಎಣಿಸಬಹುದಿತ್ತು. ಒಂಬತ್ತರ ಸರ ಮಾಡಿದ ಮೇಲೆ ಲೋಡ್ ಇಲ್ಲದೆ ಇಪ್ಪತ್ತೊಂದು ವೋಲ್ಟ್, ಕಾದ ಮೇಲೂ ಹತ್ತೊಂಬತ್ತೂವರೆ ನಿಂತಿತು. ಡಯೋಡನ್ನು 5819ಕ್ಕೆ ಬದಲಾಯಿಸಿದೆ. ಅದು 0.3 ವೋಲ್ಟಿನಷ್ಟು ಮಾತ್ರ ತಿನ್ನುತ್ತದೆ.

ಎರಡನೇ ಪ್ಯಾನೆಲಿನಲ್ಲಿ ವೋಲ್ಟೇಜ್ ಬಂತು, ಕರೆಂಟ್ ಬರಲಿಲ್ಲ. ಹನ್ನೆರಡು ಸರ ಹಾಕಿದ್ದೆ. ಒಂದು ಸರಕ್ಕೆ ಐವತ್ತು ಮಿಲಿಆಂಪ್ ಹಿಡಿದರೂ ಅರ್ಧ ಆಂಪಿಗಿಂತ ಮೇಲೆ ಬರಬೇಕು. ಬಂದದ್ದು 0.25ರ ಆಸುಪಾಸು. ಇದು ನನ್ನನ್ನು ಒಂದು ಬೇಸಿಗೆ ಪೂರ್ತಿ ಸತಾಯಿಸಿತು. ಗೆಳೆಯ ಬಂದು ನೋಡಿ, "ನಾನು ಹೇಳಿರಲಿಲ್ವಾ" ಅಂದ. ಆ ಮಾತು ನನಗೆ ನಿಜವಾಗಿ ನೋವು ಕೊಟ್ಟಿತು. ಒಂದು ತಿಂಗಳು ಆ ಪ್ಯಾನೆಲ್ ಮುಟ್ಟಲಿಲ್ಲ.

ಈಗ ಮುಖ್ಯ ವಿಷಯ. ನನ್ನ ಅನುಭವದಲ್ಲಿ ಇಡೀ ಕೆಲಸ ನಿಂತಿರುವುದು ಇದೊಂದರ ಮೇಲೆ.

ಬೇರೆ ಬೇರೆ ಲೈಟಿನ ತುಂಡು ನೋಡಲು ಒಂದೇ ಥರ ಇರುತ್ತದೆ. ಅದೇ ನಾಲ್ಕು ಸೆಂಟಿಮೀಟರ್ ಚೌಕ, ಅದೇ ನೀಲಿ ಬಣ್ಣ. ಕರೆಂಟು ಮಾತ್ರ ಒಂದರದ್ದು ಒಂದಕ್ಕೆ ಹೋಲುವುದಿಲ್ಲ. ಒಂದು ದಿನ ಸುಮ್ನೆ ಕುತೂಹಲಕ್ಕೆ ತಾರಸಿಗೆ ಹತ್ತಿ ಒಂದೊಂದೇ ತುಂಡಿನ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅಳೆದೆ. ಮೀಟರನ್ನು ಮಿಲಿಆಂಪಿಗೆ ಇಟ್ಟು ಎರಡು ಕಡ್ಡಿಯನ್ನು ನೇರವಾಗಿ ಹಿಂದಿನ ಎರಡು ಬೆಸುಗೆಗೆ ಒತ್ತುವುದು. ಮೊದಲನೆಯದು 61. ಎರಡನೆಯದು 58. ಮೂರನೆಯದು 23! ಕೈ ನಡುಗಿತೇನೋ ಅಂತ ಮತ್ತೆ ಒತ್ತಿದೆ. 23 ಅಂತಲೇ ಬಂತು. ಅಲ್ಲಿಗೆ ನನಗೆ ಎಲ್ಲ ಹೊಳೆಯಿತು. ಸೀರೀಸಿನಲ್ಲಿ ಒಂಬತ್ತು ಜನ ಕೈ ಹಿಡಿದು ನಡೆದ ಹಾಗೆ. ಕುಂಟುವವನು ಹೋದಷ್ಟೇ ವೇಗ. 60ರ ಎಂಟು ತುಂಡಿನ ಜೊತೆ 23ರ ಒಂದು ಸೇರಿದರೆ ಇಡೀ ಸರ 23ರ ಹತ್ತಿರಕ್ಕೆ ಇಳಿಯುತ್ತದೆ. ನಾನು ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಬೆರೆಸಿದ್ದೆ. ಹನ್ನೆರಡು ಸರದಲ್ಲೂ ಒಂದೊಂದು ಕುಂಟ ಇತ್ತು.

ಅವತ್ತೇ ಕೂತು ಅಷ್ಟನ್ನೂ ಅಳೆದೆ. ಹಿಂದೆ ಮಾರ್ಕರಿನಲ್ಲಿ ಅಂಕಿ ಬರೆದೆ. ಹನ್ನೊಂದೂವರೆಯಿಂದ ಒಂದೂವರೆ ಒಳಗೆ ಮುಗಿಸಬೇಕು, ಅದರಾಚೆ ಬಿಸಿಲು ಓರೆಯಾಗುತ್ತದೆ. ನಮ್ಮ ಕಡೆ ಮೋಡ ಹೇಳದೆ ಕೇಳದೆ ಬರುತ್ತದೆ. ಅದಕ್ಕೆ ಒಂದು ತುಂಡನ್ನು ಮಾದರಿ ಅಂತ ಪಕ್ಕದಲ್ಲೇ ಇಟ್ಟುಕೊಂಡೆ. ಹತ್ತು ತುಂಡಿಗೊಮ್ಮೆ ಅದನ್ನು ಅಳೆಯುವುದು. ಅದು 60 ತೋರಿಸಿದರೆ ಮುಂದುವರಿಸುವುದು. 52ಕ್ಕೆ ಇಳಿದರೆ ಮೋಡದ ಪದರ ಇದೆ ಅಂತ ಕಾಯುವುದು. ಇಷ್ಟು ಮಾಡದೆ ಬರೆದ ಅಂಕಿಗೆ ಬೆಲೆ ಇಲ್ಲ. ಹೀಗೆ ಮೂರು ಮಧ್ಯಾಹ್ನ ಹಿಡಿಯಿತು. 20ರಿಂದ 70ರವರೆಗೆ ಎಲ್ಲ ಥರದವೂ ಸಿಕ್ಕವು. ಅಂಗಡಿಯ ಬೆಂಚಿನ ಮೇಲೆ ಇಸ್ಪೀಟು ಹಂಚಿದ ಹಾಗೆ ಹಂಚಿದೆ. 60ರ ಮೇಲಿನವು ಒಂದು ಕಡೆ, 50ರವು ಒಂದು ಕಡೆ, 40ರವು, 30ರವು.

ಬಲವಾದದ್ದು ಬಲವಾದದ್ದರ ಜೊತೆ, ಬಡವ ಬಡವನ ಜೊತೆ. ಸರದ ಒಳಗೆ ಎರಡು ಮೂರು ಮಿಲಿಆಂಪಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆದರೆ ಸರಕ್ಕೂ ಸರಕ್ಕೂ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ, ಪ್ಯಾರಲಲ್ ಅಲ್ವಾ. 65ರ ಸರ 65 ಕೊಡುತ್ತದೆ, 30ರ ಸರ 30 ಕೊಡುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹಾಗಾಗಿ ಬಡವ ತುಂಡನ್ನು ಎಸೆಯಬೇಕಾಗಿಲ್ಲ. ಹಳೆಯ ಹನ್ನೆರಡು ಸರದ ತುಂಡುಗಳನ್ನೇ ಬಿಚ್ಚಿ ಮತ್ತೆ ಜೋಡಿಸಿದಾಗ 0.25 ಇದ್ದದ್ದು 0.57 ಆಯಿತು. ಹೊಸದಾಗಿ ಒಂದು ತುಂಡೂ ಸೇರಿಸಿರಲಿಲ್ಲ. ಗೆಳೆಯನನ್ನು ಕರೆದು ಮೀಟರ್ ಅವನ ಕೈಗೇ ಕೊಟ್ಟೆ. ಎರಡು ಸಲ ನೋಡಿದ. ಮಾತಾಡದೆ ಕಾಫಿ ಹೇಳಿದ.

ಇಷ್ಟಾದರೂ ಮೂರನೇ ಸಲ ಕೆಟ್ಟಿತು. ಅದು ಮಳೆಯ ಪಾಲಾಯಿತು. ಮುಂದೆ ಆಕ್ರಿಲಿಕ್ ಶೀಟ್ ಹಾಕಿದ್ದೆ, ಹಗುರ ಅಂತ. ಸುತ್ತಲೂ ಮೀನಿನ ತೊಟ್ಟಿಗೆ ಹಾಕುವ ಸಿಲಿಕೋನ್ ಗಮ್. ಗಮ್ ಒಣಗುವಾಗ ಮನೆಯೆಲ್ಲ ವಿನಿಗರ್ ವಾಸನೆ. ಅದು ಎಚ್ಚರಿಕೆ ಅಂತ ಆಗ ಗೊತ್ತಾಗಲಿಲ್ಲ. ಆ ವಾಸನೆ ಬರುವ ಗಮ್ ಒಣಗುವಾಗ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಎಲ್ಲಿಗೆ ಹೋಗಬೇಕು? ತಾಮ್ರಕ್ಕೇ ಹೋಗುತ್ತದೆ. ಜೂನ್ ಶುರುವಿಗೆ ಆಕ್ರಿಲಿಕ್ ಬಿಸಿಲಿಗೆ ಡೊಂಕಾಗಿತ್ತು. ಮೂಲೆಯಲ್ಲಿ ಉಗುರು ಹೋಗುವಷ್ಟು ಸಂದಿ. ಜುಲೈಯಲ್ಲಿ ಒಳಗೆ ನೀರಿನ ಹನಿ ಸಾಲಾಗಿ ನಿಂತಿದ್ದವು. ಆಗಸ್ಟಿನಲ್ಲಿ ಬಿಚ್ಚಿದಾಗ ತಂತಿ ಹಸಿರು ಹಿಡಿದಿತ್ತು. ಕೈಯಲ್ಲಿ ಮುಟ್ಟಿದರೆ ಎಳೆ ಎಳೆಯಾಗಿ ಮುರಿದು ಬರುತ್ತಿತ್ತು. ಎಷ್ಟೋ ತುಂಡುಗಳ ರಾಳ ಹಾಲಿನ ಹಾಗೆ ಬೆಳ್ಳಗಾಗಿತ್ತು. ಹತ್ತೊಂಬತ್ತು ತುಂಡು ಪೂರ್ತಿ ಹೋದವು.

ಆ ಮಳೆಗಾಲ ಪ್ಯಾನೆಲ್ ಕೆಲಸ ಬಿಟ್ಟು ಲೈಟಿನ ಉಳಿದ ಸಾಮಾನಿನ ಮೇಲೆ ಕೂತೆ. 210 ಲೈಟಿನ ಸೆಲ್ಲುಗಳನ್ನು ಒಂದೊಂದಾಗಿ ಚಾರ್ಜಿಗೆ ಹಾಕಿದೆ. ಮೂವತ್ತರಷ್ಟು ಮಾತ್ರ ಜೀವ ಹಿಡಿದವು. ಮೂರನ್ನು ಸೇರಿಸಿ ಮಗಳಿಗೆ ಟಾರ್ಚ್ ಮಾಡಿಕೊಟ್ಟೆ, ಇನ್ನೆರಡನ್ನು ಅಂಗಡಿಯ ರೇಡಿಯೋಗೆ ಹಾಕಿದೆ. ಎರಡು ತುಂಡು ಕಿಟಕಿಯಲ್ಲಿಟ್ಟು ಡಯೋಡ್ ಹಾಕಿ ಜೋಡಿಸಿದೆ. ಹಾಸನ ಆಕಾಶವಾಣಿ ಬೆಳಿಗ್ಗೆಯಿಂದ ಸಂಜೆವರೆಗೆ ಬರುತ್ತಿರುತ್ತದೆ, ಸೆಲ್ಲು ಕೊಳ್ಳುವ ಮಾತಿಲ್ಲ. ಒಳಗಿರುವ ನಾಲ್ಕು ಕಾಲಿನ 5252 ಐ.ಸಿ. ಚೆನ್ನಾದ ಸಾಮಾನು. ಒಂದೇ ಸೆಲ್ಲಿನಿಂದ ಬಿಳಿ ಎಲ್‌ಇಡಿ ಉರಿಸುತ್ತದೆ. ಸೋಲಾರ್ ತುಂಡನ್ನೇ ಕಣ್ಣು ಮಾಡಿಕೊಂಡು ಕತ್ತಲಾದ ಮೇಲೆ ತಾನೇ ಹತ್ತಿಸುತ್ತದೆ. ದೇವರ ಮನೆಗೆ, ಬಚ್ಚಲಿಗೆ, ಮೆಟ್ಟಿಲಿಗೆ ಇದರಿಂದ ಮಾಡಿದ ಸಣ್ಣ ದೀಪ ಇಟ್ಟಿದ್ದೇನೆ. ಸತ್ತ ಸೆಲ್ಲುಗಳನ್ನು ಮಾತ್ರ ದಯವಿಟ್ಟು ತೋಟಕ್ಕೋ ಹಳ್ಳಕ್ಕೋ ಎಸೆಯಬೇಡಿ. ಹಳೆಯ ಲೈಟುಗಳಲ್ಲಿ ಕ್ಯಾಡ್ಮಿಯಂ ಇರುವ ಸೆಲ್ಲೂ ಬರುತ್ತದೆ, ಅದು ವಿಷ. ನಾನು ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ.

ನಾಲ್ಕನೇ ಪ್ಯಾನೆಲ್ ಶುರು ಮಾಡಿದ್ದು ದಸರಾ ಕಳೆದ ಮೇಲೆ. ಈ ಸಲ ಗಾಜೇ. ಮುಚ್ಚಿದ ಅಂಗಡಿಯೊಂದರ ಷೋಕೇಸಿನ 4 ಮಿ.ಮೀ. ಗಾಜು ಸಿಕ್ಕಿತ್ತು. ಎರಡೂಕಾಲು ಅಡಿಗೆ ಒಂದೂವರೆ ಅಡಿ ಅಳತೆಗೆ ಕತ್ತರಿಸಿಕೊಂಡೆ. ಹಿಂದಕ್ಕೆ ಬೋರ್ಡ್ ಬರೆಯುವವರ ಹತ್ತಿರ ಉಳಿದ ಎ.ಸಿ.ಪಿ. ಶೀಟಿನ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಾಳೆ) ತುಂಡು. ಸುತ್ತ ಅಲ್ಯೂಮಿನಿಯಂ ಆಂಗಲ್. ಗಮ್ ಕೊಳ್ಳುವಾಗ ನ್ಯೂಟ್ರಲ್ ಅಂತ ಟ್ಯೂಬಿನ ಮೇಲೆ ಬರೆದದ್ದನ್ನೇ ಹುಡುಕಿ ತಂದೆ. ಬೆಲೆ ಜಾಸ್ತಿ, ವಾಸನೆ ಇಲ್ಲ. ಗಾಜು ಹಾಕಿದ ಮೇಲೆ ಕರೆಂಟು ಹತ್ತರಲ್ಲಿ ಒಂದು ಪಾಲು ಇಳಿಯಿತು. ಗಾಜಿನ ಎರಡೂ ಮೈ ಸ್ವಲ್ಪ ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತವೆ, ಸಾದಾ ಗಾಜಿನ ಹಸಿರು ಬಣ್ಣವೂ ಒಂದಿಷ್ಟು ತಿನ್ನುತ್ತದೆ. ಆದರೂ ಗಾಜು ಬೇಕೇ ಬೇಕು. ರಾಳ ಬಿಸಿಲಿಗೂ ನೀರಿಗೂ ನೇರವಾಗಿ ಒಡ್ಡಿಕೊಂಡರೆ ಬಾಳುವುದಿಲ್ಲ.

ಬೆಳ್ಳಗಾದ ರಾಳವನ್ನು ತೆಗೆಯಲು ಮೊದಲು ಟೂತ್‌ಪೇಸ್ಟಿನಲ್ಲಿ ಉಜ್ಜಿದೆ. ಸ್ವಲ್ಪ ಕೆಲಸ ಮಾಡಿತು. ಆಮೇಲೆ ನೀರು ಹಾಕಿಕೊಂಡು ಸಾವಿರ ನಂಬರಿನ ಮರಳು ಕಾಗದ, ಎರಡು ಸಾವಿರದ ಕಾಗದ, ಕೊನೆಗೆ ಕ್ಲಿಯರ್ ಸ್ಪ್ರೇ. 38 ಇದ್ದದ್ದು 51 ಆದ ತುಂಡೂ ಇದೆ. ಸ್ಪ್ರೇಗೆ ಮುಂಚೆ ಒಂದು ದ್ರಾವಣದಲ್ಲಿ ಒರೆಸುತ್ತೇನೆ, ಅದನ್ನೂ ಹೇಳುವುದಿಲ್ಲ. ಕಾಗದ ಮತ್ತು ಸ್ಪ್ರೇ ಸಾಕು, ಮುಕ್ಕಾಲು ಪಾಲು ಫಲ ಅದರಲ್ಲೇ ಬರುತ್ತದೆ.

ಪೂರ್ತಿ ಮುಚ್ಚಿದರೆ ನೀರು ಬರುವುದಿಲ್ಲ ಎಂಬುದು ಸುಳ್ಳು. ನಮ್ಮ ಹವೆಯಲ್ಲಿ ಹಗಲು ಕಾದು ರಾತ್ರಿ ತಣ್ಣಗಾದರೆ ಎಲ್ಲಿಂದಲೋ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಹೊರಗೆ ಹೋಗುವುದಿಲ್ಲ. ಅದಕ್ಕೆ ಕೆಳ ಅಂಚಿನಲ್ಲಿ ಎರಡು ಮಿ.ಮೀ. ತೂತು ಮೂರು ಕೊರೆದೆ. ಎರಡೇ ವಾರಕ್ಕೆ ಇರುವೆ ಗೂಡು ಕಟ್ಟಿದವು. ಟೀ ಸೋಸುವ ಜಾಲರಿಯ ತುಣುಕು ಅಂಟಿಸಿದೆ. ಈಗ ಇರುವೆ ಇಲ್ಲ, ಹನಿಯೂ ಇಲ್ಲ.

ಸರ ಜೋಡಿಸುವ ದಿಕ್ಕಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಕಾಫಿ ತೋಟದವರಿಗೆ ಇದೇ ಬೇಕಾದದ್ದು. ಕಣ ಬಯಲಾಗಿದ್ದರೂ ಸುತ್ತ ಸಿಲ್ವರ್ ಓಕ್ ಇರುತ್ತದೆ. ಪ್ಯಾನೆಲ್ ಎಲ್ಲಿಟ್ಟರೂ ಒಂದಲ್ಲ ಒಂದು ಹೊತ್ತಿನಲ್ಲಿ ಕಾಂಡದ ನೆರಳು ಅದರ ಮೇಲೆ ಹಾದು ಹೋಗುತ್ತದೆ. ಆ ನೆರಳು ಉದ್ದ ಪಟ್ಟೆ. ನನ್ನ ಪ್ಯಾನೆಲಿನಲ್ಲಿ ಹದಿನಾಲ್ಕು ಸರ, ಒಂದೊಂದರಲ್ಲಿ ಒಂಬತ್ತು ತುಂಡು. ಸರಗಳನ್ನು ಅಡ್ಡಡ್ಡ ಹಾಕಿದ್ದರೆ ಆ ಪಟ್ಟೆ ಹದಿನಾಲ್ಕನ್ನೂ ಒಟ್ಟಿಗೆ ಕಡಿಯುತ್ತಿತ್ತು. ಪ್ರತಿ ಸರದಲ್ಲೂ ನಾಲ್ಕು ತುಂಡು ಕತ್ತಲಾದರೆ ಎಲ್ಲ ಸರವೂ ಸತ್ತ ಹಾಗೆ. ನಾನು ಸರಗಳನ್ನು ಮೇಲಿಂದ ಕೆಳಕ್ಕೆ ನಿಲ್ಲಿಸಿದೆ, ಹಲಗೆಯನ್ನು ಅಗಲಕ್ಕೆ ಮಲಗಿಸಿದೆ. ಈಗ ಕಾಂಡದ ನೆರಳು ಬಿದ್ದರೆ ನಾಲ್ಕೈದು ಸರ ಹೋಗುತ್ತವೆ, ಉಳಿದ ಒಂಬತ್ತು ಹತ್ತು ಸರ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಪ್ರತಿ ಸರಕ್ಕೂ ಬೇರೆ ಡಯೋಡ್ ಇರುವುದರಿಂದ ಬೆಳಕಿರುವ ಸರದ ಕರೆಂಟು ಕತ್ತಲಿನ ಸರಕ್ಕೆ ನುಗ್ಗುವುದಿಲ್ಲ. ಬೆಳಿಗ್ಗೆ ಸಂಜೆ ನೆರಳು ಓರೆಯಾಗಿ ಬೀಳುವಾಗ ಲಾಭ ಕಡಿಮೆ. ಹನ್ನೊಂದರಿಂದ ಎರಡರವರೆಗೆ, ನಿಜವಾಗಿ ಕರೆಂಟು ಬರುವ ಹೊತ್ತಿನಲ್ಲಿ, ಲಾಭ ಪೂರ್ತಿ ಸಿಗುತ್ತದೆ.

ಇದನ್ನು ಭಾವನಿಗೆ ಕಣ್ಣಾರೆ ತೋರಿಸಿದೆ. ಗೆಳೆಯನ ಹತ್ತಿರ ಇದ್ದ 10 ವ್ಯಾಟಿನ ಹೊಸ ಪ್ಯಾನೆಲ್ ತಂದು ನನ್ನದರ ಪಕ್ಕ ಇಟ್ಟೆ. ಎರಡಕ್ಕೂ ಒಂದೇ ಥರದ ಬ್ಯಾಟರಿ. ಹೊಸದು 0.55 ಆಂಪ್ ಕೊಡುತ್ತಿತ್ತು, ನನ್ನದು 0.62. ಭಾವ ಮರದ ಬುಡದಿಂದ ಒಂದು ಅಗಲವಾದ ಹಲಸಿನ ಎಲೆ ತಂದು ಕೊಟ್ಟರು. ಹೊಸ ಪ್ಯಾನೆಲಿನ ಒಂದು ಪಟ್ಟಿ ಮುಚ್ಚುವ ಹಾಗೆ ಇಟ್ಟೆ. 0.1ರ ಕೆಳಗೆ ಬಂತು. ಅದೇ ಎಲೆ ನನ್ನದರ ಮೇಲೆ ಇಟ್ಟೆ. 0.53. ಎಲೆಯನ್ನು ಜರುಗಿಸಿ ಎಲ್ಲಿಟ್ಟರೂ ಅಷ್ಟೇ. ಹೊಸದರಲ್ಲಿ ಮೂವತ್ತಾರೂ ಒಂದೇ ಸರ, ಒಂದು ಮುಚ್ಚಿದರೆ ಎಲ್ಲ ಮುಚ್ಚಿದ ಹಾಗೆ. ಭಾವ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಇದನ್ನು ಇಲ್ಲೇ ಬಿಟ್ಟು ಹೋಗಿ" ಅಂದರು. ಒಂಬೈನೂರು ರೂಪಾಯಿಯ ಮಾತು ಮತ್ತೆ ಬರಲಿಲ್ಲ.

ಬ್ಯಾಟರಿ ನನ್ನ ಅಂಗಡಿಯಲ್ಲಿ ಬಿದ್ದಿದ್ದ ಯು.ಪಿ.ಎಸ್.ನ 12 ವೋಲ್ಟ್ 7 ಆಂಪಿಯರ್ ಅವರಿನದು. ಅರ್ಧ ಆಂಪಿಗೆ, ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ತಡೆಯುವ ಕಂಟ್ರೋಲರ್ ಯಾಕೆ ಅಂತ ನೇರವಾಗಿ ಕೊಟ್ಟಿದ್ದೆ. ಬಳಸದೆ ಬಿಟ್ಟ ಎರಡನೇ ದಿನವೇ ಹದಿನೈದು ವೋಲ್ಟ್ ದಾಟಿತು. ಬ್ಯಾಟರಿ ಬಿಸಿ. ಹಾಗೆ ಬಿಟ್ಟರೆ ನೀರು ಒಣಗಿ ಹೊಟ್ಟೆ ಉಬ್ಬುತ್ತದೆ. 317 ಐ.ಸಿ. ಹಾಕಿ ವೋಲ್ಟೇಜ್ ಮಿತಿಯಲ್ಲಿಡುವ ಒಂದು ರೆಗ್ಯುಲೇಟರ್ ನಾನೇ ಮಾಡಿದೆ. ಅದು ತಾನೇ ಎರಡು ವೋಲ್ಟಿನ ಹತ್ತಿರ ತಿನ್ನುತ್ತದೆ, ಮೋಡದ ದಿನ ಚಾರ್ಜೇ ಆಗುವುದಿಲ್ಲ. ಒಂದು ವಾರ ಹಟ ಮಾಡಿ ಬಿಟ್ಟೆ. ಕೊನೆಗೆ ಇನ್ನೂರ ಅರವತ್ತು ಕೊಟ್ಟು ಸಣ್ಣ ಪಿ.ಡಬ್ಲ್ಯು.ಎಂ. ಕಂಟ್ರೋಲರ್ ತಂದೆ. ಈ ಒಂದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಕೊಂಡುಬಿಡಿ.

ಒಳ್ಳೆ ಬಿಸಿಲಿನ ದಿನ ಬ್ಯಾಟರಿಗೆ ಮೂರು ಆಂಪಿಯರ್ ಅವರ್ ಬೀಳುತ್ತದೆ. ಮೂರು ವ್ಯಾಟಿನ ಬಲ್ಬು ಐದು ಗಂಟೆ, ಒಂದು ವ್ಯಾಟಿನದು ರಾತ್ರಿ ಉಳಿದಷ್ಟು ಹೊತ್ತು, ಇವೆರಡಕ್ಕೆ ಸುಮಾರು ಎರಡು ಹೋಗುತ್ತದೆ. ಉಳಿದದ್ದರಲ್ಲಿ ಒಂದು ಮೊಬೈಲು ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ. ಹಣ್ಣು ಕುಯ್ದು ಕಣದಲ್ಲಿ ಹರಡುವ ಕಾಲಕ್ಕೆ ಬಿಸಿಲು ಇದ್ದೇ ಇರುತ್ತದೆ, ಕಾವಲು ಬೇಕಾಗುವುದೂ ಆಗಲೇ. ಹಾಗಾಗಿ ಸರಿಹೊಂದಿದೆ. ಜುಲೈಯಲ್ಲಿ ಇದೇ ಪ್ಯಾನೆಲ್ ಐವತ್ತು ಅರವತ್ತು ಮಿಲಿಆಂಪಿಗಿಂತ ಮೇಲೆ ಹೋಗುವುದಿಲ್ಲ. ಮಳೆಗಾಲಕ್ಕೆ ಇದನ್ನು ನಂಬಿ ಕೂರಬೇಡಿ. ಜೂನಿನಲ್ಲಿ ಬಿಚ್ಚಿ ಅಟ್ಟಕ್ಕೆ ಹಾಕುವುದೇ ಒಳ್ಳೆಯದು.

ದುಡ್ಡಿನ ಲೆಕ್ಕ ಮುಚ್ಚಿಡುವುದಿಲ್ಲ. ಗುಜರಿಗೆ 240. ಗಾಜು ಕತ್ತರಿಸಿದ್ದಕ್ಕೆ 40. ಆಂಗಲ್ ಚೂರು 90. ಡಯೋಡ್ ಹದಿನಾಲ್ಕಕ್ಕೆ ಅರವತ್ತರ ಒಳಗೆ. ನ್ಯೂಟ್ರಲ್ ಗಮ್ 220. ವೈರು, ಬೆಸುಗೆಯ ಲೆಡ್ಡು, ಮರಳು ಕಾಗದ, ಸ್ಪ್ರೇ ಎಲ್ಲ ಸೇರಿ ಇನ್ನೂರ ಹತ್ತಿರ. ನಾಲ್ಕನೇ ಪ್ಯಾನೆಲಿಗೆ ಒಟ್ಟು ಎಂಟುನೂರ ಐವತ್ತರ ಆಸುಪಾಸು. ಹೊಸ 10 ವ್ಯಾಟಿನದಕ್ಕೂ ಇದಕ್ಕೂ ಐವತ್ತು ರೂಪಾಯಿ ವ್ಯತ್ಯಾಸ. ಕೆಟ್ಟ ಮೂರನ್ನು ಸೇರಿಸಿದರೆ ಮೇಲೆ ಸಾವಿರದ ಆರುನೂರು ಹೋಗಿದೆ, ಆಕ್ರಿಲಿಕ್ ಒಂದೇ 350. ಅಗ್ಗ ಆಗುತ್ತದೆ ಅಂತ ಮಾಡುವುದಾದರೆ ಒಂದು ಪ್ಯಾನೆಲಿಗೆ ಲಾಭ ಇಲ್ಲ. ಎರಡನೆಯದರಿಂದ ಲಾಭ ಶುರು. ಗಮ್, ಸ್ಪ್ರೇ ಉಳಿದಿರುತ್ತದೆ, ಕೈ ಕೂತಿರುತ್ತದೆ. ಈ ನಾಲ್ಕನೆಯದಾದ ಮೇಲೆ ಮಾಡಿದ ಇನ್ನೊಂದು ನನಗೆ ನಾನೂರಕ್ಕೆ ಮುಗಿಯಿತು. ಒಂದು ತುಂಡು ಕೆಟ್ಟರೆ ಗಾಜು ಬಿಚ್ಚಿ ಅದೊಂದನ್ನೇ ಬದಲಾಯಿಸಬಹುದು. ಅಂಗಡಿ ಪ್ಯಾನೆಲಿನಲ್ಲಿ ಅದು ಸಾಧ್ಯವೇ ಇಲ್ಲ.

ಇನ್ನೊಂದೆರಡು ಪ್ರಯೋಗ. ಎರಡೂ ಬದಿಗೆ ಅಡಿಗೆಮನೆಯ ಫಾಯಿಲ್ ಅಂಟಿಸಿದ ರಟ್ಟು ನಿಲ್ಲಿಸಿದೆ. ಕರೆಂಟು ನೂರಕ್ಕೆ ಹದಿನೈದರಷ್ಟು ಏರಿತು. ಬಿಸಿಯೂ ಏರಿತು, ಗಾಳಿಗೆ ರಟ್ಟು ಹಾರಿತು, ಬಿಟ್ಟೆ. ಮಧ್ಯಾಹ್ನ ಗಾಜಿನ ಮೇಲೆ ಒಂದು ಬಿಂದಿಗೆ ನೀರು ಸುರಿದರೆ ಒಂದು ವೋಲ್ಟಿಗಿಂತ ಜಾಸ್ತಿ ಏರುತ್ತದೆ. ನೋಡಲು ಖುಷಿ, ಬಿಂದಿಗೆ ಹೊರುವವರು ಯಾರು? ಅದರ ಬದಲು ಹಿಂದಿನ ಹಲಗೆಗೂ ಛಾವಣಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟೆ. ಗಾಳಿ ಆಡುತ್ತದೆ, ಅರ್ಧ ವೋಲ್ಟ್ ಖಾಯಂ ಸಿಕ್ಕಿತು.

ಕೂರಿಸುವಾಗ ದಕ್ಷಿಣಕ್ಕೆ ಮುಖ. ವರ್ಷವಿಡೀ ಇಡುವವರು ನಮ್ಮ ಕಡೆ ಹದಿಮೂರು ಡಿಗ್ರಿ ಓರೆ ಸಾಕು. ನನಗೆ ಬೇಕಾದದ್ದು ಡಿಸೆಂಬರಿನಿಂದ ಫೆಬ್ರವರಿ. ಆಗ ಸೂರ್ಯ ದಕ್ಷಿಣಕ್ಕೆ ಜರುಗಿ ತಗ್ಗಿನಲ್ಲಿ ಓಡುತ್ತಾನೆ. ಹಾಗಾಗಿ ಮೂವತ್ತು ಡಿಗ್ರಿಗೆ ಎತ್ತಿದ್ದೇನೆ, ಮಂಜಿನ ನೀರಿನ ಜೊತೆ ಧೂಳೂ ಜಾರಿ ಹೋಗುತ್ತದೆ.

ನಾನೂರಕ್ಕೆ ಮುಗಿದ ಆ ಪ್ಯಾನೆಲ್ ಈಗ ಭಾವನ ಪಂಪ್ ಮನೆಯ ಮೇಲಿದೆ. ಅದಕ್ಕೆ ಮಳೆ ಮುಗಿದ ಮೇಲೆ ಹೋಂಸ್ಟೇಗಳಿಂದ ಮತ್ತೆ ನಾಲ್ಕು ಚೀಲ ತಂದಿದ್ದೆ. ಮೂಲೆಯಲ್ಲಿ ಇನ್ನೂ ಒಂದು ಚೀಲ ಬಿಚ್ಚದೆ ಇದೆ. ಭಾನುವಾರ ಬಿಸಿಲಿದ್ದರೆ ಅಳೆಯಬೇಕು. ಈ ಸಲ ಅಂಕಿ ಬರೆಯಲು ಗೆಳೆಯ ಬರುತ್ತೇನೆ ಅಂದಿದ್ದಾನೆ.